ತಂದೆ ತೀರಿಕೊಂಡರೆ ಮಕ್ಕಳಿಗೆ ಪಿಎಫ್, ಇಎಸ್‌ಐ ಕಡೆಯಿಂದ ತಿಂಗಳಿಗೆ ಏನಾದರೂ ಬರುತ್ತದೆಯೇ?

ಬರುತ್ತದೆ. ನಿಮ್ಮ ಅಣ್ಣನ ಮಕ್ಕಳಿಗೆ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಎರಡು ಕಡೆಯಿಂದಲೂ ಬರುವ ಸಾಧ್ಯತೆ ಇದೆ. ಪ್ರೈವೇಟ್ ಕೆಲಸಕ್ಕೆ ಪಿಂಚಣಿ ಇಲ್ಲ ಅಂತ ಊರಲ್ಲಿ ಹೇಳಿದವರ ಮಾತು ದಯವಿಟ್ಟು ನಂಬಬೇಡಿ.

ನೀವು ಬರೆದಿದ್ದು ಇಷ್ಟು. ಅಣ್ಣ ಬಿಡದಿ ಕಡೆಯ ಒಂದು ಕಾರ್ಖಾನೆಯಲ್ಲಿ ಹತ್ತು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದ್ದರು, ಸಂಬಳ 18,000. ಕಳೆದ ತಿಂಗಳು ಶಿಫ್ಟ್ ಮುಗಿಸಿ ಬೈಕಿನಲ್ಲಿ ಮನೆಗೆ ಬರುವಾಗ ಅಪಘಾತದಲ್ಲಿ ಹೋಗಿಬಿಟ್ಟರು. ಅತ್ತಿಗೆ ಇದ್ದಾರೆ, 11 ವರ್ಷದ ಮಗಳು, 7 ವರ್ಷದ ಮಗ. ಕಂಪನಿಯವರು ಪಿಎಫ್ ಫಾರಂ ಕೊಟ್ಟು ಸಹಿ ಮಾಡಿಸಿಕೊಂಡು ಬನ್ನಿ ಎಂದಿದ್ದಾರೆ.

ನಾನು ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಆಫೀಸಿನಲ್ಲಿ ಪಿಎಫ್, ಇಎಸ್‌ಐ ಕಾಗದಪತ್ರ ನೋಡಿಕೊಳ್ಳುವವಳು. ನಮ್ಮಪ್ಪ ಸರ್ವಿಸ್‌ನಲ್ಲಿ ಇರುವಾಗಲೇ ತೀರಿಕೊಂಡರು, ಹಾಗಾಗಿ ಮಕ್ಕಳ ಪಿಂಚಣಿ ತೆಗೆದುಕೊಂಡು ಓದಿದವಳೂ ಹೌದು. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಆ ಫಾರಂ ನೋಡಿ. ಅದು ಬರೀ ಪಿಎಫ್ ದುಡ್ಡು ತೆಗೆಯುವ ಫಾರಂ 20 ಮಾತ್ರವಾ, ಅಥವಾ ಸಾವಿನ ಪ್ರಕರಣಕ್ಕೆ ಅಂತಲೇ ಇರುವ ಕಾಂಪೋಸಿಟ್ ಕ್ಲೇಮ್ ಫಾರಂ ಆ? ಇದು ಯಾಕೆ ಮುಖ್ಯ ಅಂದರೆ, ಒಂದೇ ಪಿಎಫ್ ನಂಬರಿನ ಹಿಂದೆ ಮೂರು ಬೇರೆ ಬೇರೆ ದುಡ್ಡು ಇರುತ್ತದೆ. ಒಂದು, ಕೂಡಿಟ್ಟ ಪಿಎಫ್. ಎರಡು, ವಿಮೆ. ಮೂರು, ತಿಂಗಳ ಪಿಂಚಣಿ. ಮೂರಕ್ಕೂ ಅರ್ಜಿ ಬೇರೆ: ಫಾರಂ 20, ಫಾರಂ 5ಐಎಫ್, ಫಾರಂ 10ಡಿ. ಕಾಂಪೋಸಿಟ್ ಫಾರಂನಲ್ಲಿ ಮೂರೂ ಒಟ್ಟಿಗೆ ಇವೆ, ಆದರೆ ಬೇಕಾದುದಕ್ಕೆ ಟಿಕ್ ಹಾಕಬೇಕು. ಎಷ್ಟೋ ಮನೆಗಳಲ್ಲಿ ಮೊದಲನೆಯದನ್ನು ಮಾತ್ರ ತೆಗೆದುಕೊಂಡು, ಕಂಪನಿ ಲೆಕ್ಕ ಮುಗಿಯಿತು ಅಂದುಕೊಂಡು ಸುಮ್ಮನಾಗಿಬಿಡುತ್ತಾರೆ. ಮಕ್ಕಳ ಪಾಲು ಇರುವುದೇ ಮೂರನೆಯದರಲ್ಲಿ. ಅದು ತಾನಾಗಿ ಬರುವುದಿಲ್ಲ. ಕೇಳಿದವರಿಗೆ ಮಾತ್ರ.

ಆ ಪಿಂಚಣಿಯ ಹೆಸರು ಇಪಿಎಸ್ 95. 1995ರ ನವೆಂಬರ್‌ನಲ್ಲಿ ಶುರುವಾಗಿದ್ದು. ಕಂಪನಿ ಕಟ್ಟುವ ಪಾಲಿನಲ್ಲಿ ಪಿಎಫ್ ವೇತನದ 8.33 ಶೇಕಡದಷ್ಟು ಇದಕ್ಕೇ ಹೋಗುತ್ತದೆ. ಸರ್ವಿಸ್‌ನಲ್ಲಿ ಇರುವಾಗ ತೀರಿಕೊಂಡರೆ ಒಂದೇ ಒಂದು ತಿಂಗಳ ಹಣ ಕಟ್ಟಿದ್ದರೂ ಸಾಕು, ಹೆಂಡತಿಗೆ ಪಿಂಚಣಿ ಬರುತ್ತದೆ. ಹತ್ತು ವರ್ಷ ಆಗಿರಬೇಕು ಅನ್ನುವ ಮಾತು ನಿಮ್ಮ ಕಿವಿಗೂ ಬೀಳುತ್ತದೆ. ಅದು ಬದುಕಿದ್ದು ನಿವೃತ್ತಿಯಾಗುವವರಿಗೆ.

ಅತ್ತಿಗೆಗೆ ಬರುವ ಮೊತ್ತ ಎಷ್ಟೋ, ಅದರ 25 ಶೇಕಡ ಪ್ರತಿ ಮಗುವಿಗೆ. ಅವರ ಪಾಲಿನಿಂದ ಕಿತ್ತು ಕೊಡುವುದಲ್ಲ, ಅದರ ಮೇಲೆ ಬೇರೆಯಾಗಿ. ಒಂದು ಸಲಕ್ಕೆ ಇಬ್ಬರು ಮಕ್ಕಳಿಗೆ. ಅತ್ತಿಗೆಗೆ 2,400 ಆಯಿತು ಅಂತಿಟ್ಟುಕೊಳ್ಳಿ, ಮಕ್ಕಳಿಗೆ ತಲಾ 600. ಕನಿಷ್ಠ ಅಂದರೆ ಹೆಂಡತಿಗೆ 1,000, ಮಗುವಿಗೆ 250. ಇದು ತುಂಬ ಕಡಿಮೆ, ಅದರಲ್ಲಿ ಎರಡು ಮಾತಿಲ್ಲ. ಈಗಿನ ಬೆಲೆಗೆ ಇದನ್ನು ಸರ್ಕಾರ ಯಾವಾಗಲೋ ಏರಿಸಬೇಕಿತ್ತು. ಆದರೆ ಇದು ಮಕ್ಕಳಿಗೆ 25 ವರ್ಷ ಆಗುವವರೆಗೂ ಬರುತ್ತದೆ. 18ಕ್ಕೆ ನಿಲ್ಲುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ, ಅದು ಸರಿಯಲ್ಲ. ನಿಮ್ಮ ಅಣ್ಣನ ಮಗನಿಗೆ ಇನ್ನೂ 18 ವರ್ಷ ಬರಬೇಕಾದ ದುಡ್ಡು ಇದು. ನನ್ನ ಡಿಗ್ರಿ ಮುಗಿಯುವವರೆಗೆ ಬಸ್ ಪಾಸು, ಪರೀಕ್ಷೆ ಫೀಸು, ನೋಟ್ಸಿನ ಜೆರಾಕ್ಸು ಎಲ್ಲ ಅದರಲ್ಲೇ ನಡೆಯಿತು. ಅಮ್ಮನ ಹತ್ತಿರ ಅದಕ್ಕೆಲ್ಲ ಕೈ ಚಾಚಬೇಕಾಗಿ ಬರಲಿಲ್ಲ, ಅಷ್ಟರ ಮಟ್ಟಿಗೆ ಅವರಿಗೂ ಉಸಿರಾಡಲು ಆಯಿತು. ಹಾಗಾಗಿ ಮೊತ್ತ ಸಣ್ಣದು ಅಂತ ಫಾರಂ ಬಿಡಬೇಡಿ.

ಅಂಗವಿಕಲ ಮಗುವಾದರೆ ಜೀವನಪೂರ್ತಿ ಬರುತ್ತದೆ. ತಾಯಿಯೂ ಇಲ್ಲದಿದ್ದರೆ ಅಥವಾ ತಾಯಿ ಮುಂದೆ ಮರುಮದುವೆ ಆದರೆ, ಅವರ ಪಿಂಚಣಿ ನಿಂತು ಮಕ್ಕಳ ಪಾಲು 75 ಶೇಕಡಕ್ಕೆ ಏರುತ್ತದೆ. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ಮರುಮದುವೆ ಆದರೆ ಮಕ್ಕಳದೂ ನಿಂತುಹೋಗುತ್ತದೆ ಅಂತ ಹೆದರಿಸುವವರು ಇರುತ್ತಾರೆ.

ಇನ್ನು ವಿಮೆ. ಇದಕ್ಕೆ ಇಡಿಎಲ್‌ಐ ಎನ್ನುತ್ತಾರೆ. ಇದಕ್ಕಾಗಿ ಅಣ್ಣನ ಸಂಬಳದಲ್ಲಿ ಒಂದು ರೂಪಾಯಿಯೂ ಕಟ್ ಆಗಿರುವುದಿಲ್ಲ, ಪೂರ್ತಿ ಕಂಪನಿಯೇ ಕಟ್ಟುತ್ತದೆ. ಅದಕ್ಕೇ ಪೇ ಸ್ಲಿಪ್‌ನಲ್ಲಿ ಕಾಣಿಸುವುದಿಲ್ಲ, ಅದಕ್ಕೇ ಯಾರಿಗೂ ಗೊತ್ತಿರುವುದಿಲ್ಲ. ಪಿಎಫ್ ಲೆಕ್ಕಕ್ಕೆ ಹಿಡಿದ ವೇತನದ ಸರಾಸರಿಯ 35 ಪಟ್ಟು, ಜೊತೆಗೆ ಪಿಎಫ್ ಖಾತೆಯ ಸರಾಸರಿ ಬಾಕಿಯ ಅರ್ಧ. ವೇತನ 15,000ಕ್ಕಿಂತ ಜಾಸ್ತಿ ಇದ್ದರೂ 15,000 ಅಂತಲೇ ಹಿಡಿಯುತ್ತಾರೆ. ಎರಡೂ ಸೇರಿ ಹೆಚ್ಚೆಂದರೆ 7 ಲಕ್ಷ. ಅಣ್ಣನ ಪಿಎಫ್ ವೇತನ 12,000 ಅಂತ ತೋರಿಸಿದ್ದರೂ 35 ಪಟ್ಟು ಅಂದರೆ 4 ಲಕ್ಷ 20 ಸಾವಿರ ಆಯಿತು. ಬಿಡುವ ದುಡ್ಡಲ್ಲ, ಅಲ್ವಾ.

ಇಲ್ಲಿ ನಾಮಿನಿ ವಿಷಯ ಒಂದಿದೆ, ಮನೆಯಲ್ಲಿ ಮೆತ್ತಗೆ ಮಾತಾಡಬೇಕಾದದ್ದು. ಕೆಲಸಕ್ಕೆ ಸೇರಿದಾಗ ಅಣ್ಣ ನಿಮ್ಮ ತಾಯಿಯ ಹೆಸರನ್ನೋ ನಿಮ್ಮ ಹೆಸರನ್ನೋ ಬರೆದಿರಬಹುದು. ಮದುವೆಗೆ ಮೊದಲು ಮಾಡಿದ ನಾಮಿನೇಶನ್ ಪಿಎಫ್ ನಿಯಮದ ಪ್ರಕಾರ ಮದುವೆಯಾದ ಮೇಲೆ ಲೆಕ್ಕಕ್ಕಿಲ್ಲ. ಸರಿಯಾದ ನಾಮಿನೇಶನ್ ಇಲ್ಲದಿದ್ದರೆ ಪಿಎಫ್, ವಿಮೆ ದುಡ್ಡು ಕುಟುಂಬದವರಿಗೆ ಸಮಪಾಲು. ಅದರಲ್ಲಿ ಅವರನ್ನೇ ನಂಬಿದ್ದ ತಂದೆ ತಾಯಿಯೂ ಬರುತ್ತಾರೆ. ಪಿಂಚಣಿ ಮಾತ್ರ ಹೆಂಡತಿ ಮಕ್ಕಳಿಗೇ. ಹನ್ನೊಂದನೇ ದಿನ ಮುಗಿಯುವ ಮೊದಲೇ ಈ ದುಡ್ಡಿನ ಮೇಲೆ ಅತ್ತೆ ಸೊಸೆ ಮಾತು ಬಿಟ್ಟಿದ್ದನ್ನು ನಾನು ನೋಡಿದ್ದೇನೆ. ನೀವು ಮೈದುನನಾಗಿ ಮುಂದೆ ನಿಂತು ಕೇಳುತ್ತಿದ್ದೀರಿ, ಅದು ದೊಡ್ಡ ವಿಷಯ. ನಿಯಮ ಹೀಗಿದೆ ಅಂತ ಮೊದಲೇ ಎಲ್ಲರಿಗೂ ಹೇಳಿಬಿಡಿ.

ಈಗ ನಿಮ್ಮ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡದು ಇಎಸ್‌ಐ. ಸಂಬಳ 21,000ದ ಒಳಗೆ ಇದ್ದವರಿಗೆ ಇಎಸ್‌ಐ ಇರುತ್ತದೆ, ಅಣ್ಣನ ಪೇ ಸ್ಲಿಪ್‌ನಲ್ಲಿ 0.75 ಶೇಕಡ ಕಟ್ ಆಗಿರುವುದು ಕಾಣಿಸಬೇಕು. ಇಎಸ್‌ಐ ಅಂದರೆ ಆಸ್ಪತ್ರೆ ಅಂತಲೇ ಜನಕ್ಕೆ ಗೊತ್ತು. ಆದರೆ ಕೆಲಸದ ಸಂಬಂಧದ ಅಪಘಾತದಲ್ಲಿ ಸತ್ತರೆ ಅವಲಂಬಿತರಿಗೆ ಸಂಬಳದ 90 ಶೇಕಡದಷ್ಟು ತಿಂಗಳು ತಿಂಗಳು ಕೊಡುತ್ತಾರೆ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯ ಅಪಘಾತವೂ 2010ರ ತಿದ್ದುಪಡಿಯಿಂದ ಇದರಲ್ಲಿ ಸೇರಿದೆ. ಸಮಯ, ಜಾಗ, ಸಂದರ್ಭ ಮೂರಕ್ಕೂ ಕೆಲಸದ ಜೊತೆ ನಂಟು ಇದೆ ಅಂತ ತೋರಿಸಬೇಕು.

ಲೆಕ್ಕ ನೋಡಿ. ಸಂಬಳ 18,000 ಅಂದರೆ 90 ಶೇಕಡ ಸುಮಾರು 16,200. ಹೆಂಡತಿಗೆ ಐದರಲ್ಲಿ ಮೂರು ಪಾಲು, ಪ್ರತಿ ಮಗುವಿಗೆ ಐದರಲ್ಲಿ ಎರಡು ಪಾಲು. ಒಟ್ಟು ಹೆಚ್ಚಾಗುವುದರಿಂದ ಎಲ್ಲರದನ್ನೂ ಅದೇ ಅಳತೆಯಲ್ಲಿ ಇಳಿಸುತ್ತಾರೆ. ಕೊನೆಗೆ ಅತ್ತಿಗೆಗೆ ಸುಮಾರು 6,900, ಮಕ್ಕಳಿಗೆ ತಲಾ 4,600. ಮಗನಿಗೆ 25 ತುಂಬುವವರೆಗೆ, ಮಗಳಿಗೆ ಮದುವೆ ಆಗುವವರೆಗೆ. ಇಪಿಎಸ್ ಪಿಂಚಣಿ ಇದರ ಜೊತೆಗೇ ಬರುತ್ತದೆ, ಒಂದಕ್ಕೊಂದು ಅಡ್ಡಿ ಇಲ್ಲ.

ಹಾಗಾದರೆ ಇದು ಎಲ್ಲರಿಗೂ ಯಾಕೆ ಸಿಗುವುದಿಲ್ಲ? ಕಾಗದ ಸರಿಯಾಗಿ ಕೂಡಿರುವುದಿಲ್ಲ, ಅದಕ್ಕೆ. ಅಣ್ಣ ಎಷ್ಟು ಗಂಟೆಗೆ ಪಂಚ್ ಔಟ್ ಮಾಡಿದರು ಅನ್ನುವ ಹಾಜರಿ ದಾಖಲೆ ಕಂಪನಿಯಲ್ಲಿ ಇರುತ್ತದೆ. ಎಫ್‌ಐಆರ್‌ನಲ್ಲಿ ಅಪಘಾತದ ಸಮಯ, ಜಾಗ ಇರುತ್ತದೆ. ರಾತ್ರಿ 10:10ಕ್ಕೆ ಪಂಚ್ ಔಟ್, 10:40ಕ್ಕೆ ಮನೆಯ ದಾರಿಯಲ್ಲೇ ಅಪಘಾತ ಅಂತ ಇದ್ದರೆ ಕಥೆ ತಾನೇ ಹೇಳಿಕೊಳ್ಳುತ್ತದೆ. ಅದೇ ಎಫ್‌ಐಆರ್‌ನಲ್ಲಿ ಯಾರೋ ಗಾಬರಿಯಲ್ಲಿ "ಸ್ವಂತ ಕೆಲಸಕ್ಕೆ ಹೋಗಿದ್ದರು" ಅಂತ ಹೇಳಿಕೆ ಕೊಟ್ಟಿದ್ದರೆ ಕಷ್ಟ. ಆದ್ದರಿಂದ ಎಫ್‌ಐಆರ್ ತೆಗೆದು ಸಾಲು ಸಾಲು ಓದಿ. ಪೋಸ್ಟ್‌ಮಾರ್ಟಂ ವರದಿ ತೆಗೆದುಕೊಳ್ಳಿ. ಕಂಪನಿ ಇಎಸ್‌ಐಗೆ ಅಪಘಾತ ವರದಿ ಕಳಿಸಿದೆಯಾ ಅಂತ ಬರವಣಿಗೆಯಲ್ಲಿ ಕೇಳಿ, ಹಾಜರಿ ದಾಖಲೆಯ ನಕಲೂ ಕೇಳಿ. ಬಾಯಿಮಾತಿನಲ್ಲಿ ಕೇಳಿದರೆ ನಾಳೆ, ನಾಡಿದ್ದು ಅನ್ನುತ್ತಾರೆ. ಹೊರಗೆ ಆದ ಅಪಘಾತ, ನಮಗೇನು ಸಂಬಂಧ ಅಂತ ಹೇಳಿ ಕಳಿಸಿದ ಕಡೆಯೂ ಇದೆ. ಹಾಗೆಂದರೆ ಸುಮ್ನೆ ವಾಪಸ್ ಬರಬೇಡಿ, ನೇರವಾಗಿ ಇಎಸ್‌ಐ ಬ್ರಾಂಚ್ ಆಫೀಸಿಗೆ ಹೋಗಿ ಮ್ಯಾನೇಜರ್‌ಗೆ ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಅಂತ್ಯಕ್ರಿಯೆ ಖರ್ಚು ಅಂತ 15,000 ಕೂಡ ಅಲ್ಲೇ ಸಿಗುತ್ತದೆ, ಅದಕ್ಕೆ ಮೂರು ತಿಂಗಳ ಗಡುವು.

ಮಕ್ಕಳ ಕಾಗದಗಳಲ್ಲಿ ಜಾಸ್ತಿ ತೊಂದರೆ ಕೊಡುವುದು ಜನನ ಪ್ರಮಾಣಪತ್ರ. ಎಷ್ಟೋ ಮಕ್ಕಳ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ, ಆಸ್ಪತ್ರೆಯಲ್ಲಿ ಹೆಸರು ಇಡುವ ಮೊದಲೇ ನೋಂದಣಿ ಆಗಿರುತ್ತದಲ್ಲ. ಹಾಗಿದ್ದರೆ ಮೊದಲು ಹೆಸರು ಸೇರಿಸಿ. ಅಪ್ಪನ ಹೆಸರು ಆಧಾರ್‌ನಲ್ಲಿ, ಪಿಎಫ್‌ನಲ್ಲಿ, ಮರಣ ಪ್ರಮಾಣಪತ್ರದಲ್ಲಿ ಒಂದೇ ಥರ ಇದೆಯಾ ನೋಡಿ, ಇನಿಶಿಯಲ್ ಹಿಂದೆ ಮುಂದೆ ಆಗಿದ್ದರೂ ಅರ್ಜಿ ವಾಪಸ್ ಬರುತ್ತದೆ. ನಾಡಕಚೇರಿಯಲ್ಲಿ ಜೀವಂತ ಕುಟುಂಬ ಸದಸ್ಯರ ದೃಢೀಕರಣ ಪತ್ರ ಮಾಡಿಸಿ. ಇಬ್ಬರು ಮಕ್ಕಳಿಗೂ ಬೇರೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ, ತಾಯಿ ಪೋಷಕಿ. ಮಗುವಿನ ಖಾತೆಗೇ ಹಣ ಹಾಕುವುದಾದರೆ ಕೋರ್ಟಿನ ಗಾರ್ಡಿಯನ್‌ಶಿಪ್ ಪ್ರಮಾಣಪತ್ರ ಬೇಕಿಲ್ಲ ಅಂತ ಪಿಎಫ್ ಸಂಸ್ಥೆ 2025ರಲ್ಲಿ ಸುತ್ತೋಲೆ ಹೊರಡಿಸಿದೆ. ಯಾರಾದರೂ ಕೋರ್ಟಿಗೆ ಹೋಗಿ ಬನ್ನಿ ಅಂದರೆ ಇದನ್ನು ಹೇಳಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಅಣ್ಣನ ಬ್ಯಾಂಕ್ ಪಾಸ್‌ಬುಕ್ ತೆಗೆದು ಮೇ, ಜೂನ್ ತಿಂಗಳ ಸಾಲುಗಳನ್ನು ನೋಡಿ. 436 ರೂಪಾಯಿ ಕಟ್ ಆಗಿದ್ದರೆ ಜೀವನ ಜ್ಯೋತಿ ವಿಮೆ, 20 ರೂಪಾಯಿ ಕಟ್ ಆಗಿದ್ದರೆ ಸುರಕ್ಷಾ ವಿಮೆ. ಅಪಘಾತದ ಸಾವಿಗೆ ಎರಡರಲ್ಲೂ ತಲಾ 2 ಲಕ್ಷ, ಬ್ಯಾಂಕಿಗೆ ಬೇಗ ತಿಳಿಸಿ. ಗ್ರಾಚ್ಯುಟಿ, ಅಂದರೆ ಕೆಲಸ ಮಾಡಿದ ವರ್ಷಗಳ ಲೆಕ್ಕದಲ್ಲಿ ಕೊಡುವ ಇಡುಗಂಟು, ಕಂಪನಿಯಿಂದ ಬರಬೇಕು, ಸಾವಿನಲ್ಲಿ ಐದು ವರ್ಷದ ಷರತ್ತೂ ಇಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಂದು ಸಲಕ್ಕೆ 20,000. ಮೋಟಾರು ಅಪಘಾತದ ಪರಿಹಾರ ಬೇರೆಯೇ ದಾರಿ, ಆರು ತಿಂಗಳ ಒಳಗೆ ಒಬ್ಬ ವಕೀಲರನ್ನು ಕಾಣಿ.

ಇಎಸ್‌ಐ ಒಪ್ಪದೇ ಹೋದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಮಿಷನ್ ವಾತ್ಸಲ್ಯ ಅನ್ನುವ ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯ ಪ್ರಾಯೋಜಕತ್ವದಲ್ಲಿ, ತಂದೆಯಿಲ್ಲದ ಬಡ ಮಕ್ಕಳಿಗೆ ತಿಂಗಳಿಗೆ 4,000 ಕೊಡುತ್ತಾರೆ. ಹಳ್ಳಿಯಲ್ಲಾದರೆ ಕುಟುಂಬದ ವರ್ಷದ ಆದಾಯ 72,000, ಪಟ್ಟಣದಲ್ಲಾದರೆ 96,000 ಮೀರಬಾರದು. ಇಎಸ್‌ಐ ಹಣ ಬಂದರೆ ಈ ಮಿತಿ ದಾಟುತ್ತದೆ, ಅದಕ್ಕೇ ಇದನ್ನು ಕೊನೆಗೆ ಹೇಳಿದೆ.

ತಡವಾಯಿತು ಅಂತ ಚಿಂತೆ ಬೇಡ. ಇಪಿಎಸ್ ಪಿಂಚಣಿ ತೀರಿಕೊಂಡ ಮರುದಿನದಿಂದಲೇ ಲೆಕ್ಕ, ಬಾಕಿ ಸೇರಿಸಿ ಕೊಡುತ್ತಾರೆ. ಆಮೇಲೆ ವರ್ಷಕ್ಕೊಮ್ಮೆ ಅತ್ತಿಗೆ ಜೀವನ ಪ್ರಮಾಣ ಪತ್ರ ಕೊಡುತ್ತಿರಬೇಕು, ತಪ್ಪಿದರೆ ಹಣ ನಿಲ್ಲುತ್ತದೆ. ಪಿಎಫ್ ಕ್ಲೇಮ್ 20 ದಿನದಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಪಿಎಫ್ ಸಂಸ್ಥೆ ದೂರುಗಳಿಗೆಂದೇ ಇಟ್ಟಿರುವ ಇಪಿಎಫ್‌ಐಜಿಎಂಎಸ್ ಪೋರ್ಟಲ್‌ನಲ್ಲಿ ದೂರು ಹಾಕಿ. ಪ್ರತಿ ತಿಂಗಳು 27ಕ್ಕೆ ಪಿಎಫ್‌ನವರು ಜಿಲ್ಲೆ ಜಿಲ್ಲೆಯಲ್ಲಿ "ನಿಧಿ ಆಪ್ಕೆ ನಿಕಟ್" ಶಿಬಿರ ಮಾಡುತ್ತಾರೆ, ರಜೆ ಇದ್ದರೆ ಮುಂದಿನ ಕೆಲಸದ ದಿನ. ಅಲ್ಲಿಗೆ ಅತ್ತಿಗೆಯನ್ನು ಕರೆದುಕೊಂಡು ಹೋಗಿ, ಅಧಿಕಾರಿಗಳೇ ಎದುರಿಗೆ ಸಿಗುತ್ತಾರೆ. ಆದರೆ ಹಾಜರಿ ದಾಖಲೆಗೆ 27ರವರೆಗೂ ಕಾಯಬೇಡಿ. ಅದನ್ನು ಕೇಳುವ ಪತ್ರವನ್ನು ಈ ವಾರವೇ ಕಂಪನಿಗೆ ಕೊಟ್ಟು ಒಂದು ನಕಲಿಗೆ ಸಹಿ ಮಾಡಿಸಿಕೊಳ್ಳಿ. ಫಾರಂ ತುಂಬುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.