ಹತ್ತು ಗಿರಿರಾಜ ಮರಿ ತಂದರೆ ಹಿತ್ತಲಿನ ಗೂಡಿಗೆ ಯಾವಾಗ ಬಿಡಬಹುದು?

ಮಂಡ್ಯದಲ್ಲಿ ಸೈಟ್ ಮನೆ, ಹಿಂದೆ ಸ್ವಲ್ಪ ಜಾಗ ಇದೆ, ಹತ್ತು ಗಿರಿರಾಜ ಮರಿ ತರಬೇಕು ಅಂತಿದ್ದೀರಿ. ಎಷ್ಟು ದಿನ ಒಳಗೆ ಇಡಬೇಕು, ಯಾವಾಗ ಹೊರಗಿನ ಗೂಡಿಗೆ ಹಾಕಬೇಕು ಅಂತ ಕೇಳಿದ್ದೀರಿ. ನಾನು ಪಾಂಡವಪುರದ ಕಡೆಯವನು. ನಮ್ಮ ಮನೆಯಲ್ಲಿ ನಾಟಿ, ಗಿರಿರಾಜ ಎರಡೂ ಇವೆ.

ಹಗಲು ಹೊರಗೆ ಬಿಡುವುದು ಬೇರೆ, ರಾತ್ರಿ ಹೊರಗೆ ಮಲಗಿಸುವುದು ಬೇರೆ. ಮೂರು ವಾರ ದಾಟಿದ ಮರಿಯನ್ನು ಒಳ್ಳೆ ಬಿಸಿಲಿನಲ್ಲಿ ಒಂದು ಗಂಟೆ ಹೊರಗೆ ಬಿಡಬಹುದು, ನೀವು ಪಕ್ಕದಲ್ಲೇ ಇದ್ದರೆ. ರಾತ್ರಿ ಗೂಡಿಗೆ ಹಾಕುವುದು ಆರು ವಾರ ತುಂಬಿದ ಮೇಲೆ. ಆಗಲೂ ಕ್ಯಾಲೆಂಡರ್ ನಂಬಬೇಡಿ, ಮರಿಯ ಮೈ ನೋಡಿ. ಬೆನ್ನು, ಎದೆ, ರೆಕ್ಕೆಯ ಕೆಳಗೆ ಎಲ್ಲೂ ಹತ್ತಿಯಂಥ ತುಪ್ಪುಳ ಉಳಿದಿರಬಾರದು, ಪೂರ್ತಿ ಪುಕ್ಕ ಬಂದಿರಬೇಕು. ಇನ್ನೊಂದು ವಿಷಯ, ಗೂಡು ಮರಿ ತರುವ ಮೊದಲೇ ಸಿದ್ಧ ಇರಲಿ. "ಮರಿ ದೊಡ್ಡದಾಗಲಿ, ಆಮೇಲೆ ಕಟ್ಟೋಣ" ಅಂದವರ ಮನೆಯ ಕೋಳಿಗಳು ಬಚ್ಚಲಲ್ಲೇ ದೊಡ್ಡವಾಗುತ್ತವೆ.

ಮೊದಲು ಮರಿ ಎಲ್ಲಿಂದ ತರುತ್ತೀರಿ ಅನ್ನುವುದು ಮುಖ್ಯ. ಗಿರಿರಾಜ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ತಳಿ. ನೋಡಲು ಬಣ್ಣಬಣ್ಣ, ಮೈ ಭಾರ, ಮೊಟ್ಟೆ ನಾಟಿಗಿಂತ ಜಾಸ್ತಿ. ಆದರೆ ಕಾವಿಗೆ ಕೂರುವ ಬುದ್ಧಿ ಅದಕ್ಕೆ ಇಲ್ಲ ಅಂತಲೇ ಇಟ್ಟುಕೊಳ್ಳಿ. ಬೀದಿಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿ ಮಾತ್ರ ತರಬೇಡಿ. ಅವು ಸಾಮಾನ್ಯವಾಗಿ ಹ್ಯಾಚರಿಯವರು ಬೇಡ ಅಂತ ಬಿಟ್ಟ ಹುಂಜದ ಮರಿಗಳು. ಹ್ಯಾಚರಿಯಲ್ಲಿ ಒಂದು ದಿನದ ಮರಿಗೆ ಮ್ಯಾರೆಕ್ಸ್ (ಕೋಳಿಯ ಕಾಲು ಸೋಲಿಸುವ ರೋಗ) ಲಸಿಕೆ ಹಾಕಿದ್ದಾರಾ ಅಂತ ಬಾಯಿಬಿಟ್ಟು ಕೇಳಿ. ಹತ್ತೇ ಮರಿ ಸಾಕು ಅನ್ನುವವರಿಗೆ ನನ್ನ ಸಲಹೆ ಬೇರೆಯೇ ಇದೆ: ಒಂದು ತಿಂಗಳು ಸಾಕಿ ಮಾರುವವರ ಹತ್ತಿರ ತನ್ನಿ. ದುಡ್ಡು ಜಾಸ್ತಿ ಆಗುತ್ತೆ, ಆದರೆ ಸಾಯುವ ವಯಸ್ಸು ಅಷ್ಟರಲ್ಲಿ ಕಳೆದಿರುತ್ತೆ.

ಇಲ್ಲ, ಒಂದು ದಿನದ ಮರಿಯೇ ಬೇಕು ಅಂದರೆ ಶಾಖದ ಲೆಕ್ಕ ತಿಳಿದುಕೊಳ್ಳಿ. ಮೊದಲ ವಾರ ಮರಿಯ ಮಟ್ಟದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಿ. ಹತ್ತು ಮರಿಗೆ ಒಂದು ದೊಡ್ಡ ರಟ್ಟಿನ ಡಬ್ಬ, ಮೇಲೆ 60 ವ್ಯಾಟಿನ ಹಳೇ ಕಾಲದ ಬಲ್ಬ್ ಸಾಕು. ಎಲ್‌ಇಡಿ ಬೆಳಕು ಕೊಡುತ್ತೆ, ಶಾಖ ಕೊಡಲ್ಲ. ಕೆಳಗೆ ಭತ್ತದ ಹೊಟ್ಟು ಎರಡು ಇಂಚು. ನಮ್ಮ ಕಡೆ ರೈಸ್ ಮಿಲ್ಲಿಗೆ ಬರವಿಲ್ಲ, ಒಂದು ಮೂಟೆ ತಂದಿಟ್ಟುಕೊಳ್ಳಿ. ಮೊದಲ ಎರಡು ಮೂರು ದಿನ ಹೊಟ್ಟಿನ ಮೇಲೆ ಪೇಪರ್ ಹಾಸಿ, ಇಲ್ಲದಿದ್ದರೆ ಮೇವು ಅಂತ ಹೊಟ್ಟನ್ನೇ ತಿನ್ನುತ್ತವೆ. ಬಲ್ಬನ್ನು ದಾರದಲ್ಲಿ ಕಟ್ಟಬೇಡಿ, ತಂತಿಯಲ್ಲಿ ಬಿಗಿಯಾಗಿ ಕಟ್ಟಿ. ಒಣ ಹೊಟ್ಟಿನ ಮೇಲೆ ಬಿಸಿ ಬಲ್ಬ್ ಬಿದ್ದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ.

ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತೆ. ಎಲ್ಲಾ ಮರಿ ಬಲ್ಬಿನ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡು ಕೂಗುತ್ತಿದ್ದರೆ ಚಳಿ. ಬಲ್ಬ್ ಬಿಟ್ಟು ಅಂಚಿಗೆ ಹೋಗಿ ಬಾಯಿ ತೆರೆದು ರೆಕ್ಕೆ ಇಳಿಬಿಟ್ಟಿದ್ದರೆ ಸೆಕೆ. ಎಲ್ಲಾ ಒಂದೇ ಮೂಲೆಗೆ ಸೇರಿದ್ದರೆ ಇನ್ನೊಂದು ಕಡೆಯಿಂದ ಗಾಳಿ ಹೊಡೆಯುತ್ತಿದೆ. ಹರಡಿಕೊಂಡು, ಕೆಲವು ತಿನ್ನುತ್ತಾ ಕೆಲವು ಕತ್ತು ಚಾಚಿ ಮಲಗಿದ್ದರೆ ಸರಿಯಾಗಿದೆ. ಹಾಗೆ ಮಲಗಿದ್ದು ನೋಡಿ ಸತ್ತೇ ಹೋಯ್ತು ಅಂತ ಹೆದರಬೇಡಿ, ಮರಿ ನಿದ್ದೆ ಮಾಡುವುದೇ ಹಾಗೆ. ನಮ್ಮ ಏಪ್ರಿಲ್ ಹಗಲಿಗೆ ಬಲ್ಬೇ ಬೇಡ. ಡಿಸೆಂಬರ್‌ನಲ್ಲಿ ರಾತ್ರಿ ಕರೆಂಟ್ ಹೋದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಡಬ್ಬದೊಳಗೆ ಇಡಿ. ಕೆಂಡದ ಮಡಕೆ ಇಡುವವರೂ ಇದ್ದಾರೆ, ಮುಚ್ಚಿದ ರೂಮಿನಲ್ಲಿ ಅದು ಬೇಡ.

ಬಲ್ಬಿನ ರಗಳೆಯೇ ಬೇಡ ಅಂದರೆ ಹಳ್ಳಿಯ ದಾರಿ ಒಂದಿದೆ. ನೆಂಟರ ಮನೆಯಲ್ಲಿ ಎರಡು ಮೂರು ವಾರದಿಂದ ಕಾವಿಗೆ ಕೂತ ನಾಟಿ ಕೋಳಿ ಇದ್ದರೆ ಕೇಳಿ ತನ್ನಿ. ಕತ್ತಲಾದ ಮೇಲೆ ಅದರ ಹೊಟ್ಟೆಯ ಕೆಳಗೆ ಒಂದೊಂದೇ ಮರಿ ತೂರಿಸಿ, ಮೊಟ್ಟೆ ತೆಗೆದುಬಿಡಿ. ಮರಿ ಒಂದೆರಡು ದಿನದ್ದಾಗಿದ್ದರೆ ಬೆಳಗ್ಗೆ ಎದ್ದು ತನ್ನದೇ ಅಂತ ಕರೆದುಕೊಂಡು ಹೋಗುತ್ತೆ. ಕೆಲವು ಕೋಳಿ ಒಪ್ಪಲ್ಲ, ಕುಕ್ಕುತ್ತವೆ. ಅದಕ್ಕೇ ಬೆಳಗಿನ ಜಾವ ಒಮ್ಮೆ ಎದ್ದು ನೋಡಿ.

ಮರಿ ಮನೆಗೆ ಬಂದ ಕೂಡಲೇ ಮೇವು ಹಾಕಬೇಡಿ, ಮೊದಲು ನೀರು. ಒಂದೊಂದನ್ನೇ ಹಿಡಿದು ಕೊಕ್ಕನ್ನು ನೀರಿಗೆ ಅದ್ದಿ ಬಿಡಿ, ಕಲಿತುಬಿಡುತ್ತೆ. ದೂರದಿಂದ ತಂದಿದ್ದರೆ ನೀರಿಗೆ ಸ್ವಲ್ಪ ಬೆಲ್ಲ. ಎಂಟು ವಾರದವರೆಗೆ ಸ್ಟಾರ್ಟರ್ ಫೀಡ್ ಕೊಡಿ. ಅಂಗಡಿಯವರು "ಅದಿಲ್ಲ, ಲೇಯರ್ ಫೀಡ್ ಇದೆ, ಎಲ್ಲಾ ಒಂದೇ" ಅಂದರೆ ಬಿಟ್ಟು ಬನ್ನಿ. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದ ಅಂಶ ತುಂಬಾ ಇರುತ್ತೆ, ಮರಿಯ ಕಿಡ್ನಿ ಹಾಳಾಗುತ್ತೆ. ರಾಗಿ, ನುಚ್ಚು, ನುಗ್ಗೆಸೊಪ್ಪು, ಮಿಕ್ಕಿದ ಮುದ್ದೆ ಇವೆಲ್ಲಾ ಆಮೇಲೆ. ಮೊದಲ ವಾರ ದಿನಾ ಮರಿಯ ಹಿಂಭಾಗ ನೋಡಿ. ಹಿಕ್ಕೆ ಒಣಗಿ ಅಂಟಿಕೊಂಡಿದ್ದರೆ ಬೆಚ್ಚಗಿನ ನೀರಿನ ಬಟ್ಟೆಯಲ್ಲಿ ನೆನೆಸಿ ತೆಗೆಯಿರಿ, ಎಳೆಯಬೇಡಿ.

ಇನ್ನು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಬಂದರೆ ಔಷಧಿ ಇಲ್ಲ, ಇಡೀ ಬೀದಿಯ ಕೋಳಿ ಒಂದೇ ವಾರದಲ್ಲಿ ಹೋಗುವುದುಂಟು. ಐದರಿಂದ ಏಳನೇ ದಿನದೊಳಗೆ ಲಾಸೋಟ ಲಸಿಕೆ, ಕಣ್ಣಿಗೆ ಒಂದು ಹನಿ. ಹನಿ ಬಿಟ್ಟ ಮೇಲೆ ಮರಿ ಕಣ್ಣು ಮಿಟುಕಿಸುವ ತನಕ ಕೈಯಲ್ಲೇ ಹಿಡಿದಿರಿ, ಇಲ್ಲದಿದ್ದರೆ ತಲೆ ಕೊಡವಿ ಚೆಲ್ಲಿಬಿಡುತ್ತೆ. ಎರಡು ವಾರಕ್ಕೆ ಗಂಬೋರೊ ಅನ್ನುವ ಇನ್ನೊಂದು ರೋಗದ ಲಸಿಕೆ, ನಾಲ್ಕು ವಾರಕ್ಕೆ ಮತ್ತೆ ಲಾಸೋಟ, ಎಂಟು ವಾರಕ್ಕೆ ಕೊಕ್ಕರೆ ರೋಗಕ್ಕೇ ಆರ್2ಬಿ ಅನ್ನುವ ಇಂಜೆಕ್ಷನ್. ಲಸಿಕೆಯ ಶೀಶೆ ಸಾಮಾನ್ಯವಾಗಿ ನೂರು ಕೋಳಿಗೋ ಅದಕ್ಕಿಂತ ಜಾಸ್ತಿಗೋ ಆಗುವಷ್ಟು ಬರುತ್ತೆ, ಒಡೆದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಅಕ್ಕಪಕ್ಕ ಕೋಳಿ ಸಾಕಿದವರನ್ನು ಸೇರಿಸಿಕೊಳ್ಳಿ. ಅವರ ಕೋಳಿ ಚೆನ್ನಾಗಿದ್ದರೆ ನಿಮ್ಮದಕ್ಕೂ ಕ್ಷೇಮ. ಪಶು ಆಸ್ಪತ್ರೆಯಿಂದ ತರುವಾಗ ಫ್ಲಾಸ್ಕಿನಲ್ಲಿ ಐಸ್ ಹಾಕಿಕೊಂಡು ಹೋಗಿ. ಜೇಬಿನಲ್ಲಿಟ್ಟುಕೊಂಡು ಬಿಸಿಲಲ್ಲಿ ಬೈಕ್ ಮೇಲೆ ತಂದರೆ ಬರೀ ನೀರು ಹಾಕಿದ ಹಾಗೆ.

ಗೂಡಿನ ವಿಷಯಕ್ಕೆ ಬರೋಣ. ಬೆಳೆದ ಕೋಳಿ ಒಂದಕ್ಕೆ ಎರಡು ಚದರ ಅಡಿ. ಹತ್ತಕ್ಕೆ ಐದು ಅಡಿ ಉದ್ದ, ನಾಲ್ಕು ಅಡಿ ಅಗಲ ಸಾಕು, ಹಗಲು ಓಡಾಡಲು ಹಿತ್ತಲು ಇದ್ದರೆ. ಉದ್ದ ಪೂರ್ವ ಪಶ್ಚಿಮಕ್ಕೆ ಇರಲಿ, ಬಿಸಿಲು ನೇರ ಒಳಗೆ ಬರಲ್ಲ. ತಗಡಿನ ಶೀಟ್ ಹಾಕಿದರೆ ಮೇಲೆ ತೆಂಗಿನ ಗರಿಯನ್ನೋ ಕಬ್ಬಿನ ಸೋಗೆಯನ್ನೋ ಹೊದಿಸಿ. ಹಳೇ ಮಂಗಳೂರು ಹೆಂಚು ಸಿಕ್ಕರೆ ಇನ್ನೂ ಒಳ್ಳೆಯದು. ಕೂರಲು ಗಳ ಕಟ್ಟಿ, ಆದರೆ ಎರಡು ಅಡಿಗಿಂತ ಎತ್ತರ ಬೇಡ. ಗಿರಿರಾಜ ಭಾರದ ಕೋಳಿ, ಮೇಲಿಂದ ಧುಮುಕಿ ಅಂಗಾಲಿಗೆ ಗಾಯ ಮಾಡಿಕೊಳ್ಳುತ್ತೆ.

ದುಡ್ಡು ಉಳಿಸಬಾರದ ಜಾಗ ಜಾಲರಿ. ಕೋಳಿ ಜಾಲರಿ ಅಂತ ಮಾರುವ ತೆಳು ತಂತಿ ನಾಯಿಯ ಹಲ್ಲಿಗೆ ತಡೆಯಲ್ಲ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿಸಿ. ಬುಡದಲ್ಲಿ ಒಂದು ಅಡಿ ಜಾಲರಿಯನ್ನು ಹೊರಗಡೆಗೆ ನೆಲದ ಮೇಲೆ ಮಡಿಸಿ, ಕಲ್ಲು ಮಣ್ಣು ಹಾಕಿ ಮುಚ್ಚಿ. ತೋಡುವ ಪ್ರಾಣಿ ಗೋಡೆಯ ಬುಡಕ್ಕೇ ಬಂದು ತೋಡುತ್ತೆ, ಅಲ್ಲಿ ಜಾಲರಿ ಸಿಕ್ಕರೆ ಬಿಟ್ಟು ಹೋಗುತ್ತೆ. ಮುಂಗುಸಿ ಹಗಲು ಕಳ್ಳ, ಬೆಳಗ್ಗೆ ನೀವು ಕಾಫಿ ಕುಡಿಯುವ ಹೊತ್ತಿಗೇ ಬರುತ್ತೆ. ರಾತ್ರಿ ಪಾಳಿ ಹೆಗ್ಗಣ, ಕಾಡುಬೆಕ್ಕು, ಬೀದಿನಾಯಿಯದು. ಮಂಡ್ಯ ಊರೊಳಗೆ ಕಾಡುಬೆಕ್ಕು ಎಲ್ಲಿಂದ ಬರುತ್ತೆ ಅನ್ನಬೇಡಿ, ಕಬ್ಬಿನ ಗದ್ದೆ ಎಷ್ಟು ದೂರ ಇದೆ? ಬಾಗಿಲಿಗೆ ಸುಮ್ನೆ ಕೊಂಡಿ ಸಾಲದು, ಚಿಲಕ ಇರಲಿ.

ಗೂಡಿಗೆ ಹಾಕುವ ಮುಂಚಿನ ವಾರ ಬಲ್ಬ್ ಪೂರ್ತಿ ಆರಿಸಿ, ಒಳಗೇ ಕತ್ತಲಲ್ಲಿ ಮಲಗಲು ಬಿಡಿ. ಹಾಕಿದ ಮೇಲೆ ಎರಡು ಮೂರು ದಿನ ಹಗಲೂ ಗೂಡಿನಲ್ಲೇ ಕೂಡಿಹಾಕಿ, ಆಗ ಅದೇ ಮನೆ ಅಂತ ಗೊತ್ತಾಗುತ್ತೆ. ಆಮೇಲೆ ಸಂಜೆ ಹೊತ್ತು ಹೊರಗೆ ಬಿಟ್ಟು, ಒಂದು ಹಿಡಿ ನುಚ್ಚು ಎರಚಿ ಒಳಗೆ ಕರೆಯಿರಿ. ಮೊದಮೊದಲು ಗಳದ ಮೇಲೆ ಕೂರಲ್ಲ, ಬಾಗಿಲ ಮೂಲೆಯಲ್ಲಿ ಗುಂಪಾಗಿ ಬೀಳುತ್ತವೆ. ಕೆಳಗಿದ್ದದ್ದು ಉಸಿರುಕಟ್ಟಿ ಸಾಯುವುದುಂಟು. ಟಾರ್ಚ್ ಹಿಡಿದು ಹೋಗಿ ಬಿಡಿಸಿ, ಗಳದ ಮೇಲೆ ಕೂರಿಸಿ ಬನ್ನಿ. ಹಿಕ್ಕೆಯಲ್ಲಿ ರಕ್ತ ಕಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಹೊಟ್ಟು ಒದ್ದೆಯಾದರೆ ಬರುವ ರಕ್ತಭೇದಿ ಅದು. ಅದಕ್ಕೇ ದಸರಾ ಮಳೆ ಮುಗಿದ ಮೇಲೆ ಮರಿ ತನ್ನಿ ಅನ್ನುತ್ತೇನೆ. ಗೂಡಿಗೆ ಹೋಗುವ ಹೊತ್ತಿಗೆ ನೆಲ ಒಣಗಿರುತ್ತೆ.

ಒಂದೇ ಸಲ ಹಲವು ಕೋಳಿ ಸತ್ತರೆ ಮುಚ್ಚಿಡಬೇಡಿ, ಪಶು ಇಲಾಖೆಗೆ ತಿಳಿಸಿ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಬಂದಾಗ ಸುತ್ತಲಿನ ಮನೆಗಳ ಕೋಳಿಗಳನ್ನೂ ಕೊಲ್ಲಬೇಕಾಯಿತು.

ಕೊನೆಗೆ ನೀವು ಕೇಳದ ಒಂದು ಮಾತು. ಹತ್ತು ಮರಿಯಲ್ಲಿ ಹೆಚ್ಚುಕಮ್ಮಿ ಅರ್ಧ ಹುಂಜ ಆಗುತ್ತವೆ. ಮೊಟ್ಟೆಗೆ ಹುಂಜ ಬೇಕೇ ಇಲ್ಲ, ಬೆಳಗಿನ ಜಾವ ನಾಲ್ಕಕ್ಕೆ ಅದು ಕೂಗುವುದು ಪಕ್ಕದ ಮನೆಯವರಿಗಂತೂ ಬೇಡವೇ ಬೇಡ. ಒಂದನ್ನು ಉಳಿಸಿಕೊಂಡು ಉಳಿದದ್ದನ್ನು ಸಾರಿಗೆ ಹಾಕುತ್ತೀರೋ, ಯಾರಿಗಾದರೂ ಕೊಡುತ್ತೀರೋ, ಮಕ್ಕಳು ಅವಕ್ಕೆ ಹೆಸರಿಡುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ.