ತಟ್ಟೆಯಲ್ಲಿ ಕೊಳ ಮಾಡಿದೆ, ಹತ್ತೇ ದಿನಕ್ಕೆ ನೀರು ನಾರಿತು

ಪ್ರಶ್ನೆ: ಕ್ಯೋಟೋಗೆ ಹೋದಾಗ ಒಂದು ಚಹಾ ಅಂಗಡಿಯಲ್ಲಿ ಅಗಲವಾದ ತಟ್ಟೆ ನೋಡಿದೆ. ಅದರಲ್ಲಿ ನೀರು, ಒಂದು ಕಲ್ಲು, ನಾಲ್ಕೆಳೆ ಹುಲ್ಲು, ಅಷ್ಟೇ. ಊರಿಗೆ ಬಂದು ಒಂದೂವರೆ ಅಡಿ ಅಗಲದ ಪಿಂಗಾಣಿ ತಟ್ಟೆಯಲ್ಲಿ ನಾನೂ ಮಾಡಿದೆ. ಗೊಬ್ಬರದ ಮಣ್ಣಲ್ಲಿ ಐದು ಗಿಡ ನೆಟ್ಟೆ, ಅಂತರಗಂಗೆ ಬಿಟ್ಟೆ, ಎರಡು ಗಪ್ಪಿ ಮೀನೂ ಬಿಟ್ಟೆ. ಹತ್ತೇ ದಿನಕ್ಕೆ ನೀರು ಹಸಿರಾಗಿ ವಾಸನೆ ಬಂತು, ಮೀನು ಸತ್ತವು, ಈಗ ಸೊಳ್ಳೆ ಮರಿ ಓಡಾಡುತ್ತಿವೆ. ಎಲ್ಲಿ ತಪ್ಪಿದೆ?
– ಓದುಗರೊಬ್ಬರು, ಮೈಸೂರು

ಉತ್ತರ: ನೀವು ಅಲ್ಲಿ ನೋಡಿದ್ದನ್ನು ಎಷ್ಟು ಚೆನ್ನಾಗಿ ಹೇಳಿದ್ದೀರಿ ನೋಡಿ: ನೀರು, ಕಲ್ಲು, ನಾಲ್ಕೆಳೆ ಹುಲ್ಲು. ಮನೆಯಲ್ಲಿ ಮಾಡುವಾಗ ಅದಕ್ಕೆ ಎಷ್ಟೊಂದು ಸೇರಿಕೊಂಡಿತು ಅಲ್ವಾ? ಆ ತಟ್ಟೆಗೆ ಜಪಾನಿನಲ್ಲಿ ಸುಯಿಬಾನ್ ಅಂತಾರೆ. ತಳದಲ್ಲಿ ತೂತಿಲ್ಲದ, ಆಳ ಕಡಿಮೆ ಇರುವ ತಟ್ಟೆ ಅದು. ಅದರಲ್ಲಿ ನೋಡಬೇಕಾದದ್ದು ನೀರನ್ನೇ. ತಟ್ಟೆಯ ಅರ್ಧಕ್ಕಿಂತ ಜಾಸ್ತಿ ಜಾಗದಲ್ಲಿ ಬರೀ ನೀರೇ ಕಾಣಬೇಕು.

ಮೊದಲು ತಟ್ಟೆ ಪೂರ್ತಿ ಖಾಲಿ ಮಾಡಿ. ನೀರು ಹಸಿರಾಗಲು ಮುಖ್ಯ ಕಾರಣ ಆ ಗೊಬ್ಬರದ ಮಣ್ಣು. ಗೊಬ್ಬರದ ಸಾರ ನೀರಿಗೆ ಇಳಿಯುತ್ತದೆ, ಬಿಸಿಲು ಬಿದ್ದರೆ ಪಾಚಿ ಹಬ್ಬುತ್ತದೆ. ನನ್ನ ಮೊದಲ ತಟ್ಟೆಯೂ ಹೀಗೇ ಹಾಳಾಗಿತ್ತು, ಆಗ ತುಂಬಾ ಬೇಜಾರಾಗಿತ್ತು. ಜಪಾನಿನವರು ಅಕಾದಾಮಾ ಎಂಬ ಸಾರವಿಲ್ಲದ ಮಣ್ಣಿನ ಹರಳು ಬಳಸುತ್ತಾರೆ. ನಮಗೆ ತೊಳೆದ ಇಟ್ಟಿಗೆ ಚೂರು, ಮೇಲೆ ಹೊಳೆಯ ಸಣ್ಣ ಕಲ್ಲು ಸಾಕು. ಮಾರ್ಬಲ್ ಚೂರು ಮಾತ್ರ ಬೇಡ, ಸುಣ್ಣದ ಅಂಶ ಬಿಡುತ್ತದೆ.

ಇನ್ನು ಕಲ್ಲು. ಇದಕ್ಕೆ ಒಂದು ಸಂಜೆ ಪೂರ್ತಿ ಕೊಟ್ಟರೂ ತಪ್ಪಿಲ್ಲ. 'ಸಾಕುತೇಯ್ಕಿ' ಎಂಬ 11ನೇ ಶತಮಾನದ ಜಪಾನಿ ತೋಟದ ಪುಸ್ತಕದಲ್ಲಿ ಒಂದು ಮಾತಿದೆ: ಮೊದಲು ಮಲಗಿದ್ದ ಕಲ್ಲನ್ನು ನಿಲ್ಲಿಸಬಾರದು, ನಿಂತಿದ್ದನ್ನು ಮಲಗಿಸಬಾರದು. ನಿಮ್ಮ ಕಲ್ಲನ್ನು ಒದ್ದೆ ಮಾಡಿ ಕೈಯಲ್ಲಿ ತಿರುಗಿಸಿ ನೋಡಿ. ಮಣ್ಣಲ್ಲಿ ಹೂತಿದ್ದ ಭಾಗದ ಬಣ್ಣವೇ ಬೇರೆ ಇರುತ್ತದೆ. ಆ ಭಾಗವನ್ನು ಕೆಳಗೆ ಮಾಡಿ, ತಟ್ಟೆಯ ನಟ್ಟನಡುವೆ ಅಲ್ಲ, ಒಂದು ಪಕ್ಕಕ್ಕೆ ಕೂರಿಸಿ. ಸುಮ್ನೆ ಇಟ್ಟ ಹಾಗೆ ಕಾಣಬಾರದು. ಬುಡ ಸ್ವಲ್ಪ ಸಣ್ಣ ಕಲ್ಲಲ್ಲಿ ಮುಳುಗಿದ್ದರೆ, ಅಲ್ಲೇ ಹುಟ್ಟಿದ ಹಾಗೆ ಕಾಣುತ್ತದೆ.

ಗಿಡ ಒಂದೇ ಜಾತಿಯದು ಸಾಕು, ಹೆಚ್ಚೆಂದರೆ ಎರಡು. ಅಲ್ಲಿ ಸೆಕಿಶೋ ಅಂತ ಒಂದು ಗಿಡ ಇಡುತ್ತಾರೆ. ಅದು ನಮ್ಮ ಬಜೆಗೆ ಹತ್ತಿರದ ನೆಂಟ! ಎಲೆ ಗೀಚಿ ಮೂಸಿದರೆ ನಿಮಗೇ ಗೊತ್ತಾಗುತ್ತದೆ. ಹಿಂದೆ ದೀಪದ ಹೊಗೆ ಹೀರುತ್ತದೆ ಎಂಬ ನಂಬಿಕೆಯಿಂದ ಇದನ್ನು ಓದುವ ಮೇಜಿನ ಮೇಲೆ ಇಡುತ್ತಿದ್ದರಂತೆ. ನಮ್ಮ ಬಜೆ ತಟ್ಟೆಗೆ ಎತ್ತರ ಜಾಸ್ತಿ. ನರ್ಸರಿಯಲ್ಲಿ ಗಿಡ್ಡ ಜಾತಿ ಕೇಳಿ ನೋಡಿ. ಸಿಗದಿದ್ದರೆ ಒಂದೆಲಗ ಹಾಕಿ. ಜೌಗಿನ ಗಿಡ ಅದು, ಕಲ್ಲಿನ ಮೇಲೆ ಹಬ್ಬಿ ದುಂಡನೆಯ ಎಲೆ ನೀರಿಗೆ ಬಾಗಿದರೆ ನೋಡಲು ಎರಡು ಕಣ್ಣು ಸಾಲದು. ಗಿಡವನ್ನು ಇಟ್ಟಿಗೆ ಚೂರು ತುಂಬಿದ ಪುಟ್ಟ ಬಟ್ಟಲಲ್ಲಿ ನೆಟ್ಟು ಕಲ್ಲಿನ ಹಿಂದೆ ಮರೆಮಾಡಿ. ನೀರು ಬದಲಾಯಿಸುವಾಗ ಬಟ್ಟಲು ಎತ್ತಿಟ್ಟರಾಯಿತು.

ಮೀನು ಬೇಡ, ದಯವಿಟ್ಟು. ಜಪಾನಿನವರು ಮೆಡಾಕಾ ಎಂಬ ಗದ್ದೆಯ ಮೀನು ಸಾಕುತ್ತಾರೆ ನಿಜ, ಆದರೆ ಅದಕ್ಕೆ ಆಳದ ಬಾನಿ ಬೇಕು. ಎರಡು ಇಂಚು ನೀರು ಮಧ್ಯಾಹ್ನಕ್ಕೆ ಕಾದುಹೋಗುತ್ತದೆ, ಉಸಿರಾಟಕ್ಕೆ ಆಮ್ಲಜನಕವೂ ಕಡಿಮೆಯಾಗುತ್ತದೆ. ನಿಮ್ಮ ಗಪ್ಪಿಗಳು ಸತ್ತದ್ದು ಬಹುಶಃ ಇದಕ್ಕೇ.

ಸೊಳ್ಳೆ ವಿಷಯದಲ್ಲಿ ಮಾತ್ರ ಸಡಿಲ ಬೇಡ. ಮೊಟ್ಟೆಯಿಂದ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಒಂದು ವಾರ, ಹತ್ತು ದಿನ ಸಾಕು. ಮೂರು ದಿನಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ. ಚೆಲ್ಲಿದರಷ್ಟೇ ಸಾಲದು. ಡೆಂಗಿ ಹರಡುವ ಸೊಳ್ಳೆ ನೀರಿನ ಅಂಚಿಗಿಂತ ಸ್ವಲ್ಪ ಮೇಲೆ ಮೊಟ್ಟೆ ಅಂಟಿಸುತ್ತದೆ, ಅವು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ತಟ್ಟೆಯ ಒಳಬದಿ, ಕಲ್ಲು, ಗಿಡದ ಬಟ್ಟಲು ಎಲ್ಲವನ್ನೂ ಬ್ರಷ್ಷಿನಿಂದ ಗಸಗಸ ಉಜ್ಜಿ. ಊರಿಗೆ ಹೋಗುವುದಿದ್ದರೆ ತಟ್ಟೆ ಬರಿದು ಮಾಡಿ ಬೋರಲು ಹಾಕಿ ಹೋಗಿ. ನಲ್ಲಿ ನೀರಾದರೆ ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ಹಿಡಿದು ಮುಚ್ಚಿಡಿ. ಬೆಳಗಿನ ಎರಡು ಗಂಟೆ ಬಿಸಿಲು ಬೀಳುವ ಜಾಗ ಸಾಕು.

ತೆಗೆದ ಅಂತರಗಂಗೆಯನ್ನು ಕೆರೆಗೆ ಎಸೆಯಬೇಡಿ, ನೋಡನೋಡುತ್ತಲೇ ಕೆರೆಯನ್ನೇ ಮುಚ್ಚಿಬಿಡುತ್ತದೆ. ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.