ಒಂದೇ ಮೇಜಿನ ಇಬ್ಬರು ವಿದ್ಯಾರ್ಥಿಗಳು

ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ಒಬ್ಬ ಸೇನಾಧಿಕಾರಿಯ ಕಥೆ ಇದು. ಅವರ ಹೆಸರು, ದೇಶ, ಕಾಲೇಜು ಮೂರನ್ನೂ ಬಿಟ್ಟು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಇಲ್ಲಿ ಅವರನ್ನು ಕರ್ನಲ್ ಎಂದೇ ಕರೆಯುತ್ತೇನೆ.

ಕರ್ನಲ್‌ಗೆ 53 ವರ್ಷ. ನಿದ್ದೆ ಬರುವುದಿಲ್ಲ ಎಂದು ನನ್ನ ಬಳಿ ಬಂದರು. ರಾತ್ರಿ ಎರಡಕ್ಕೆ ಎದ್ದು ಮೊಬೈಲಿನಲ್ಲಿ ಯುದ್ಧದ ಸುದ್ದಿ ನೋಡುತ್ತಾ ಕೂರುತ್ತಿದ್ದರು. ಹೆಂಡತಿ ಕೇಳಿದರೆ "ಏನಿಲ್ಲ, ನೀನು ಮಲಗು" ಎನ್ನುತ್ತಿದ್ದರು.

ಅವರ ನೌಕರಿಯಲ್ಲಿ 11 ವರ್ಷ ಕಳೆದದ್ದು ಹಲವು ದೇಶಗಳ ಸೇನಾಧಿಕಾರಿಗಳಿಗೆ ಪಾಠ ಮಾಡುವುದರಲ್ಲಿ. ಇಂಥ ಕಾಲೇಜುಗಳು ಜಗತ್ತಿನಲ್ಲಿ ಹಲವು ಇವೆ. ಅಮೆರಿಕದ ಸೇನಾನಾಯಕ ಐಸೆನ್‌ಹೋವರ್ ಅವರ ಯೋಚನೆಯಿಂದ 1951ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಗಿ 1966ರಲ್ಲಿ ರೋಮ್‌ಗೆ ಹೋದ, ಯುರೋಪ್ ಮತ್ತು ಉತ್ತರ ಅಮೆರಿಕದ ದೇಶಗಳ ಸೇನಾ ಕೂಟವಾದ ನೇಟೋದ ಕಾಲೇಜು ಒಂದು. ಎಸ್ಟೋನಿಯಾದ ತಾರ್ತುವಿನಲ್ಲಿ 1999ರಿಂದ ಇರುವ ಬಾಲ್ಟಿಕ್ ದೇಶಗಳ ಸೇನಾ ಕಾಲೇಜು ಇನ್ನೊಂದು. ಇಲ್ಲೆಲ್ಲ ಪಾಠದಷ್ಟೇ ಜೊತೆಗೆ ಕೂರುವುದೂ ಮುಖ್ಯ. ಬೇರೆ ಬೇರೆ ದೇಶದವರನ್ನು ಬೇಕೆಂದೇ ಬೆರೆಸಿ ಸಣ್ಣ ಗುಂಪು ಮಾಡುತ್ತಾರೆ. ಕೆಲವು ಕಡೆ ಅದಕ್ಕೆ ಸಿಂಡಿಕೇಟ್ ಅನ್ನುತ್ತಾರೆ, ರೋಮ್‌ನಲ್ಲಿ ಕಮಿಟಿ ಅನ್ನುತ್ತಾರೆ. ನಾಳೆ ಜಗಳ ಬಂದಾಗ ಆ ಕಡೆಯವನ ಮುಖ ಪರಿಚಯ ಇರಲಿ ಎನ್ನುವುದು ಇದರ ಹಿಂದಿನ ಆಸೆ.

ಮೂರನೇ ಭೇಟಿಯಲ್ಲಿ ಕರ್ನಲ್ ಜೇಬಿನಿಂದ ಒಂದು ಗ್ರೂಪ್ ಫೋಟೋ ತೆಗೆದರು. ಮೂಲೆಗಳು ಮೆತ್ತಗಾಗಿದ್ದವು. ಮುಂದಿನ ಸಾಲಿನಲ್ಲಿ ಇಬ್ಬರು. ಒಬ್ಬನ ಕೈ ಇನ್ನೊಬ್ಬನ ಹೆಗಲ ಮೇಲೆ. ಆ ಇಬ್ಬರ ದೇಶಗಳು ಈಗ ಪರಸ್ಪರ ಯುದ್ಧದಲ್ಲಿವೆ.

"ಇಬ್ಬರಿಗೂ ಒಂದೇ ನಕ್ಷೆ ಹಾಸಿ ಕಲಿಸಿದೆ. ನಾನು ಕಲಿಸಿದ್ದು ಕೆಲಸಕ್ಕೆ ಬಂತಾ? ಬಂದಿದ್ದರೆ, ಯಾರ ಮೇಲೆ?"

'ಯುದ್ಧ ನಿಮ್ಮ ಕೈಯಲ್ಲಿಲ್ಲ ಸರ್' ಎಂದು ಹೇಳುವುದು ಸುಲಭವಿತ್ತು. ಹಳೆಯ ಗೆಳೆಯರು ಆಗಲೇ ಹೇಳಿದ್ದರು, ಅವರಿಗೆ ಅದು ನಾಟಿರಲಿಲ್ಲ. ನಾನು ಆ ಮಾತು ಆಡಲಿಲ್ಲ. ಫೋಟೋ ಮೇಜಿನ ಮೇಲೆಯೇ ಇರಲಿ ಎಂದೆ.

ಮಾತು ಮುಂದುವರಿದಂತೆ ಅಡಿಯಲ್ಲಿ ಇನ್ನೊಂದು ನೋವು ಕಂಡಿತು. ಸೇನೆಯಲ್ಲಿ ಬಡ್ತಿಗೆ ತುಕಡಿ ನಡೆಸಿದ ಅನುಭವದ ತೂಕ ಜಾಸ್ತಿ, ತರಗತಿಯ ವರ್ಷಗಳ ತೂಕ ಕಡಿಮೆ. ಜೊತೆಗಾರರು ಜನರಲ್ ಆದರು. ಇವರು ಕಲಿಸುತ್ತಾ ಉಳಿದರು. ಪರಿಚಯ ಬೆಳೆದರೆ ಯುದ್ಧ ತಪ್ಪುತ್ತದೆ ಎಂದು ನಂಬಿದ್ದರು. ಆ ನಂಬಿಕೆಗೆ ಪೆಟ್ಟು ಬಿದ್ದಾಗ, ಬಿಟ್ಟುಕೊಟ್ಟ ಬಡ್ತಿಯೂ ಹೊಸದಾಗಿ ನೋಯತೊಡಗಿತ್ತು. ಎರಡು ದುಃಖ ಸೇರಿ ಒಂದೇ ಗಂಟಾಗಿದ್ದರೆ ಬಿಚ್ಚುವುದು ಕಷ್ಟ. ಹಾಗಾಗಿ ಮೊದಲು ಬಡ್ತಿಯದ್ದನ್ನೇ ಬೇರೆಯಾಗಿ ಮಾತಾಡಿದೆವು. ಅದಕ್ಕೇ ಎರಡು ಭೇಟಿ ಹಿಡಿಯಿತು.

ಆಮೇಲೆ ಒಂದು ಹಾಳೆ ಕೊಟ್ಟೆ. ಆ ಗುಂಪಿಗೆ ಕಲಿಸಿದ್ದನ್ನೆಲ್ಲ ಬರೆಯಲು ಹೇಳಿದೆ. ನಕ್ಷೆ, ಸರಬರಾಜು, ಮಾತುಕತೆಯ ಅಭ್ಯಾಸ, ಯುದ್ಧದ ನಿಯಮ ಹೇಳುವ 1949ರ ಜಿನೀವಾ ಒಪ್ಪಂದಗಳು. ಶರಣಾದ ಸೈನಿಕನನ್ನು, ಗಾಯಾಳುವನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಪಾಠದ ಮುಂದೆ ಅವರ ಪೆನ್ನು ನಿಂತಿತು. ಆ ಇಬ್ಬರೂ ಸೆರೆಯಾಳುಗಳ ಬಗ್ಗೆ ಒಂದು ಮಧ್ಯಾಹ್ನವಿಡೀ ವಾದ ಮಾಡಿದ್ದರಂತೆ.

"ಇದರಲ್ಲಿ ಯಾವುದನ್ನು ವಾಪಸ್ ತಗೋಬೇಕು ಅನಿಸುತ್ತೆ ಸರ್?" ಎಂದು ಕೇಳಿದೆ.

ತುಂಬಾ ಹೊತ್ತು ಸುಮ್ಮನಿದ್ದರು. "ನಕ್ಷೆಯ ಬಗ್ಗೆ ಗೊತ್ತಿಲ್ಲ. ಇದನ್ನು ಮಾತ್ರ ಇನ್ನೂ ಎರಡು ದಿನ ಜಾಸ್ತಿ ಹೇಳಬೇಕಿತ್ತು" ಎಂದರು. ಅಂದು ಮೊದಲ ಸಲ ಅತ್ತರು.

ಇಬ್ಬರಿಗೂ ಫೋನ್ ಮಾಡುವ ಆಸೆ ಅವರಿಗೆ. ರಾತ್ರಿ ಹೊತ್ತು ಒಬ್ಬರೇ ಕೂತು ಅದನ್ನು ಮಾಡಬೇಡಿ ಎಂದೆ. ಯುದ್ಧದಲ್ಲಿರುವ ಅಧಿಕಾರಿಗೆ ಹೊರದೇಶದ ಸೈನಿಕನ ಕರೆ ಬಂದರೆ ಸಂಶಯ ಬೀಳುವುದು ಆತನ ಮೇಲೆ, ಅಲ್ವಾ? ತಮ್ಮ ಕಚೇರಿಗೆ ಬರೆದು ಅನುಮತಿ ಕೇಳಲಿ, ಅಲ್ಲಿಯವರೆಗೆ ಇಬ್ಬರಿಗೂ ಕಾಗದ ಬರೆದು ಡ್ರಾಯರ್‌ನಲ್ಲಿಡಲಿ ಎಂದು ಸಲಹೆ ಕೊಟ್ಟೆ. ಮೊಬೈಲ್ ಮಲಗುವ ಕೋಣೆಯಿಂದ ಹೊರಗೆ, ಸುದ್ದಿ ದಿನಕ್ಕೆ ಎರಡೇ ಸಲ. ನಿದ್ದೆಗಾಗಿ ವೈದ್ಯರ ಬಳಿಗೂ ಕಳಿಸಿದೆ.

ಮನೆಯ ಮೌನ ಉಳಿದಿತ್ತು. ತರಗತಿಯಲ್ಲಿ ಯಾರು ಏನು ಹೇಳಿದರು ಎಂಬುದನ್ನು ಹೆಸರು ಹಿಡಿದು ಹೊರಗೆ ಹೇಳಬಾರದು ಎಂಬ ನಿಯಮ ಇಂಥ ಕಾಲೇಜುಗಳಲ್ಲಿ ಇರುತ್ತದೆ. ಜನ ಬಾಯಿಬಿಟ್ಟು ಮಾತಾಡಲಿ ಅಂತ ಮಾಡಿದ ನಿಯಮ. ಕರ್ನಲ್ ಅದನ್ನು ಮನೆಗೂ ತಂದುಬಿಟ್ಟಿದ್ದರು. ತರಗತಿಯವರ ಮಾತು ಗುಟ್ಟಾಗಿರಲಿ, ನಿಮ್ಮ ದುಃಖ ಯಾಕೆ ಗುಟ್ಟು ಎಂದು ಕೇಳಿದೆ. ಮುಂದಿನ ಸಲ ಹೆಂಡತಿಯನ್ನು ಕರೆತಂದರು.

ಫೋಟೋ ಮುಂದಿಟ್ಟು "ಇವರಿಬ್ಬರು..." ಎಂದು ಶುರು ಮಾಡಿದರು. ಆಕೆ ಮುಗಿಸಲು ಬಿಡಲಿಲ್ಲ.

"ಗೊತ್ತು. ಊಟಕ್ಕೆ ಬಂದಿದ್ದರಲ್ಲ. ಈತ ತಟ್ಟೆ ತೊಳೆದ, ಆತ ಒರೆಸಿದ. ನಾನೂ ದಿನಾ ಆ ಸುದ್ದಿ ನೋಡ್ತೀನಿ, ನೀವು ಮಲಗಿದ ಮೇಲೆ."

ಅನುಮತಿಗೆ ಇನ್ನೂ ಉತ್ತರ ಬಂದಿಲ್ಲ. ಕಾಗದಗಳು ಡ್ರಾಯರ್‌ನಲ್ಲೇ ಇವೆ. ಎರಡರ ಕೊನೆಯಲ್ಲೂ ಈಗ ಆಕೆಯ ಕೈಬರಹದ ನಾಲ್ಕು ಸಾಲು ಇದೆಯಂತೆ.